ಹೆಸರು ಒಂದಾದ ಮೇಲೆ ಪಾಸ್‌ಪೋರ್ಟು

ಪರದೇಶದಲ್ಲಿ ನೆಲೆಸಿದ ಮಗನೋ ಮಗಳೋ ಬಾಣಂತನಕ್ಕೆಂದು, ಗೃಹಪ್ರವೇಶಕ್ಕೆಂದು ತಂದೆತಾಯಿಗಳನ್ನು ಕರೆಸಿಕೊಳ್ಳುವ ಪ್ರಸಂಗವು ಶಲವಡಿಯಂಥ ಎರೆಭೂಮಿಯ ಗ್ರಾಮಗಳಿಗೂ ಈಗ ಅಪೂರ್ವವಲ್ಲ. ಅಂಥ ಕರೆ ಬಂದೊಡನೆ ಹುಬ್ಬಳ್ಳಿಯ ಬಸ್ಸು ಹತ್ತುವ ಮುನ್ನ ಮನೆಯ ಟ್ರಂಕು ತೆರೆದು ಕಾಗದಪತ್ರಗಳನ್ನು ಸಾಲಾಗಿ ಹರಡಿ ನೋಡತಕ್ಕದ್ದು.

ಆಧಾರದಲ್ಲಿ ಬಸಪ್ಪ, ಶಾಲೆಯ ದಾಖಲೆಯಲ್ಲಿ ಬಸವರಾಜ, ಉತಾರದಲ್ಲಿ ತಂದೆಯ ಹೆಸರೂ ಅಡ್ಡಹೆಸರೂ ಸೇರಿದ ದೀರ್ಘ ನಾಮಧೇಯ — ಹೀಗೆ ಒಬ್ಬನೇ ವ್ಯಕ್ತಿಯು ಮೂವರಾಗಿ ಕಾಣಿಸಿಕೊಳ್ಳುವುದು ನಮ್ಮ ಕಡೆ ಸಾಮಾನ್ಯ. ಅಡ್ಡಹೆಸರಿಗೆ ಪಾಸ್‌ಪೋರ್ಟಿನ ಅರ್ಜಿಯಲ್ಲಿ ಪ್ರತ್ಯೇಕ ಸ್ಥಾನವಿರುವುದರಿಂದ, ಯಾವ ಹೆಸರು ಎಲ್ಲಿ ಬರಬೇಕೆಂಬುದನ್ನು ಮೊದಲೇ ನಿಶ್ಚಯಿಸಿ, ಆಧಾರ ಮತ್ತು ಪ್ಯಾನ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಮಟ್ಟಿಗೂ ಏಕರೂಪತೆ ತಂದುಕೊಳ್ಳುವುದು ಶ್ರೇಯಸ್ಕರ. ಜನ್ಮದಿನಾಂಕದ ವಿಷಯವೂ ಹಾಗೆಯೇ. ಶಾಲೆಗೆ ಸೇರಿಸಿದಂದು ಮಾಸ್ತರರು ಬರೆದ ಜೂನ್ 1 ನಿಜವಾದ ತಿಥಿಯಲ್ಲದಿದ್ದರೂ, ಎಲ್ಲ ದಾಖಲೆಗಳೂ ಅದನ್ನೇ ಹೇಳುತ್ತಿದ್ದರೆ ಅದನ್ನು ಕೆದಕುವುದು ವ್ಯರ್ಥಶ್ರಮ. 2023ರ ಅಕ್ಟೋಬರ್ 1ರಂದು ಅಥವಾ ಅನಂತರ ಜನಿಸಿದ ಶಿಶುಗಳಿಗೆ ಮಾತ್ರ ಜನನ ಪ್ರಮಾಣಪತ್ರವೊಂದೇ ಪ್ರಮಾಣ.

ಇಷ್ಟಾದ ಮೇಲೆ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ತುಂಬಿ, ಶುಲ್ಕ ಕಟ್ಟಿ, ಹುಬ್ಬಳ್ಳಿಯ ಸೇವಾ ಕೇಂದ್ರದಲ್ಲಿ ದಿನ ಗೊತ್ತುಮಾಡಿಕೊಳ್ಳಬೇಕು. ವಯಸ್ಕರ 36 ಪುಟಗಳ ಪುಸ್ತಕಕ್ಕೆ 1500 ರೂಪಾಯಿ. ತತ್ಕಾಲದ ಅವಸರಕ್ಕೆ ಇನ್ನೂ 2000. ಮೂಲಪತ್ರಗಳೆಲ್ಲವೂ ಕೈಯಲ್ಲಿರಲಿ, ಭಾವಚಿತ್ರ ಮತ್ತು ಬೆರಳಚ್ಚುಗಳನ್ನು ಅಲ್ಲಿಯೇ ತೆಗೆದುಕೊಳ್ಳುವರು. ಓದಿಗಾಗಿಯೋ ನೌಕರಿಗಾಗಿಯೋ ಬೆಂಗಳೂರಿನಲ್ಲಿ ವಾಸಿಸುತ್ತ ಶಲವಡಿಯ ವಿಳಾಸವನ್ನೇ ಸದ್ಯದ ವಿಳಾಸವೆಂದು ಬರೆದವರು, ಪೊಲೀಸರು ವಿಚಾರಿಸಲು ಬಂದಾಗ ಮನೆಯಲ್ಲಿ ದೊರೆಯದೆ ವೃಥಾ ತೊಡಕಿಗೆ ಸಿಲುಕುತ್ತಾರೆ. ವಾಸವಿರುವ ಸ್ಥಳವನ್ನೇ ಬರೆಯುವುದು ಲೇಸು.

ಹತ್ತನೆಯ ತರಗತಿ ದಾಟದ ತರುಣರು ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋಗುವುದಾದರೆ, ಸಾಮಾನ್ಯವಾಗಿ ಅವರಿಗೆ ವೀಸಾದ ಜೊತೆಗೆ ಸರಕಾರದ ವಲಸೆ ಅನುಮತಿಯೂ ಅವಶ್ಯ. ನೋಂದಾಯಿತ ಏಜೆಂಟರ ಪಟ್ಟಿಯನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಪ್ರವಾಸಿ ವೀಸಾದ ಮೇಲೆ ಕಳುಹಿಸಿ ಅಲ್ಲಿ ಕೆಲಸ ಕೊಡಿಸುವೆನೆನ್ನುವವನಿಗೆ, ಅವನು ಬೀಗರ ಪೈಕಿಯೇ ಆಗಿದ್ದರೂ, ಹಣ ಕೊಡಲಾಗದು.

ಅಮೆರಿಕದ ವೀಸಾಕ್ಕೆ ಡಿಎಸ್-160 ಎಂಬ ಅರ್ಜಿಯನ್ನು ತುಂಬಿ ಶುಲ್ಕ ಕಟ್ಟಿ, ಚೆನ್ನೈ ಅಥವಾ ಹೈದರಾಬಾದಿನಂಥ ನಗರದ ದೂತಾವಾಸದಲ್ಲಿ ಸಂದರ್ಶನಕ್ಕೆ ನಿಲ್ಲಬೇಕು. ವೀಸಾ ದೊರೆಯದಿದ್ದರೂ ಶುಲ್ಕ ಮರಳದು. ಸಂದರ್ಶಿಸುವ ಅಧಿಕಾರಿಗೆ ಬೇಕಾದುದು ನೀವು ಹಿಂದಿರುಗುವಿರೆಂಬ ಭರವಸೆ. ಹೊಲದ ಉತಾರವನ್ನು ಒಯ್ಯಿರಿ. ಆದರೆ ಎಷ್ಟೋ ಸಲ ಅದನ್ನು ಕೇಳುವುದೇ ಇಲ್ಲ. ಯಾರ ಮನೆಗೆ, ಎಷ್ಟು ದಿನಕ್ಕೆ, ಯಾರ ಖರ್ಚಿನಲ್ಲಿ ಎಂಬುದಕ್ಕೆ ಅರ್ಜಿಯಲ್ಲಿ ಬರೆದಂತೆಯೇ ನೇರವಾಗಿ ಉತ್ತರಿಸಿದರಾಯಿತು. ಯುರೋಪಿನ ಷೆಂಗೆನ್ ವೀಸಾಕ್ಕಾದರೋ 30,000 ಯುರೋಗಳ ವೈದ್ಯಕೀಯ ವಿಮೆ ಕಡ್ಡಾಯ. 180 ದಿನಗಳ ಅವಧಿಯಲ್ಲಿ 90 ದಿನಗಳಿಗೆ ಮೀರಿ ಅಲ್ಲಿ ತಂಗಲಾಗದು.

ಪಶುಪತಿನಾಥನ ದರ್ಶನಕ್ಕೆ ನೇಪಾಳಕ್ಕೆ ಹೊರಟವರಿಗೆ ಈ ಯಾವ ತಾಪತ್ರಯವೂ ಇಲ್ಲ. ಮತದಾರರ ಗುರುತಿನ ಚೀಟಿಯ ಮೂಲಪ್ರತಿ ಜೊತೆಯಲ್ಲಿದ್ದರೆ ಸಾಕು.