ಮನೆಯಿಂದ ಕೆಲಸದ ಠಾವಿಗೆ: ಬ್ರಿಟನ್ನಿನ ಪ್ರಯಾಣ ವೆಚ್ಚದ ತೆರಿಗೆ ನಿಯಮ

ಉದ್ಯೋಗಕ್ಕಾಗಿ ದಿನವೂ ಊರಿಂದೂರಿಗೆ ಹೋಗಿಬರುವುದು ಗಡಿನಾಡಿನವರಾದ ನಮಗೆ ಹೊಸ ಸಂಗತಿಯಲ್ಲ. ಕಾಸರಗೋಡು, ಮಂಜೇಶ್ವರಗಳಿಂದ ಬೆಳಗಿನ ರೈಲು ಹಿಡಿದು ಮಂಗಳೂರಿಗೆ ಹೋಗಿ, ಸಂಜೆ ಮರಳಿ ಮನೆ ಸೇರುವವರು ನಮ್ಮಲ್ಲಿ ಎಷ್ಟೋ ಮಂದಿ. ಈ ಪ್ರಯಾಣಕ್ಕೆ ತಗಲುವ ಹಣವು ದುಡಿಮೆಯ ಖರ್ಚೋ, ಮನೆವಾರ್ತೆಯ ಖರ್ಚೋ? ಪ್ರಶ್ನೆಯು ಸಣ್ಣದಾಗಿ ತೋರಬಹುದು. ಆದರೆ ಬ್ರಿಟನ್ನಿನ ನ್ಯಾಯಾಲಯಗಳು ಸುಮಾರು ನೂರು ವರ್ಷಗಳಿಂದ ಇದರ ಮೇಲೆ ವಾದಗಳನ್ನು ಆಲಿಸುತ್ತ ಬಂದಿವೆ. ಅಲ್ಲಿಯ ಪಾರ್ಲಿಮೆಂಟು ಇದಕ್ಕಾಗಿ ಕಾನೂನನ್ನೇ ತಿದ್ದಿದೆ. ನಮ್ಮ ಸೀಮೆಯ ತರುಣ ತರುಣಿಯರು ದಾದಿಯರಾಗಿ, ಇಂಜಿನಿಯರರಾಗಿ ಆ ದೇಶದಲ್ಲಿ ನೆಲೆಸುತ್ತಿರುವ ಈ ಕಾಲದಲ್ಲಿ ವಿದ್ಯಾರ್ಥಿಗಳೂ ಅವರ ತಾಯಿತಂದೆಗಳೂ ಈ ವಿಷಯವನ್ನು ಅರಿತಿರುವುದು ಒಳ್ಳೆಯದೆಂದು ನಾವು ಭಾವಿಸುತ್ತೇವೆ.

ಮೊದಲು ಮೂಲತತ್ತ್ವವನ್ನು ನೋಡೋಣ. ಬ್ರಿಟನ್ನಿನಲ್ಲಿ ಸಂಬಳಗಾರನು ಮನೆಯಿಂದ ತನ್ನ ಖಾಯಂ ಕೆಲಸದ ಸ್ಥಳಕ್ಕೆ ಹೋಗಿಬರುವ ವೆಚ್ಚವನ್ನು ವರಮಾನದಿಂದ ಕಳೆಯುವಂತಿಲ್ಲ. 1925ರಲ್ಲಿ ಪ್ರಭುಗಳ ಸಭೆಯು ತೀರ್ಮಾನಿಸಿದ ರಿಕೆಟ್ಸ್ ಮೊಕದ್ದಮೆ ಇದಕ್ಕೆ ಪ್ರಸಿದ್ಧ ನಿದರ್ಶನ. ಆತನು ಲಂಡನ್ನಿನಲ್ಲಿ ವಾಸಿಸಿ ಅಲ್ಲಿಯೇ ವಕೀಲಿ ನಡೆಸುತ್ತಿದ್ದನು. ಜೊತೆಗೆ ಪೋರ್ಟ್ಸ್‌ಮತ್ ಪಟ್ಟಣದಲ್ಲಿ ನ್ಯಾಯಾಧಿಕಾರಿಯ ಹುದ್ದೆಯೂ ಅವನಿಗಿತ್ತು. ಲಂಡನ್ನಿನಿಂದ ಅಲ್ಲಿಗೆ ಹೋಗುವ ಖರ್ಚಿಗೆ ತೆರಿಗೆ ವಿನಾಯಿತಿ ಬೇಕೆಂದು ಅವನು ಕೇಳಿದನು. ದೊರೆಯಲಿಲ್ಲ. ಪೋರ್ಟ್ಸ್‌ಮತ್ತಿಗೆ ತಲಪಿದ ಮೇಲೆ ಅವನ ಕರ್ತವ್ಯವು ಆರಂಭವಾಗುತ್ತದೆ. ಬೇರೆ ಊರಿನಲ್ಲಿ ವಾಸಿಸುವುದು ಅವನ ಸ್ವಂತ ಆಯ್ಕೆ, ಎಂಬುದೇ ತೀರ್ಪಿನ ತಿರುಳು.

ಇದಕ್ಕೆ ಎದುರಾಗಿ 1969ರ ಇನ್ನೊಂದು ತೀರ್ಪನ್ನು ಇಟ್ಟು ನೋಡಬೇಕು. ವೇಲ್ಸ್ ಪ್ರಾಂತದ ಒಬ್ಬ ವೈದ್ಯನು ತನ್ನ ಊರಿನಿಂದ 15 ಮೈಲಿ ದೂರದ ಆಸ್ಪತ್ರೆಗೆ ತುರ್ತು ಕರೆ ಬಂದಾಗಲೆಲ್ಲ ಧಾವಿಸಬೇಕಾಗಿತ್ತು. ದೂರವಾಣಿಯಲ್ಲಿ ರೋಗಿಯ ಸ್ಥಿತಿಯನ್ನು ಕೇಳಿ ಸಲಹೆ ನೀಡಿದ ಕ್ಷಣದಿಂದಲೇ ಅವನ ಹೊಣೆಯು ಪ್ರಾರಂಭವಾಗುತ್ತದೆಂದು ನ್ಯಾಯಾಧೀಶರು ಹೇಳಿ, ಅವನ ಪ್ರಯಾಣವು ಕರ್ತವ್ಯದ ಅಂಗವೇ ಸರಿ ಎಂದು ಒಪ್ಪಿದರು. ದೂರವಲ್ಲ, ಕರ್ತವ್ಯವು ಎಲ್ಲಿ ತೊಡಗುತ್ತದೆ ಎಂಬುದೇ ಮುಖ್ಯವೆಂದು ಈ ಎರಡು ತೀರ್ಪುಗಳನ್ನು ಜೊತೆಗಿಟ್ಟರೆ ಸ್ಪಷ್ಟವಾಗುತ್ತದೆ.

ಇಂದು ಈ ವಿಷಯವು 2003ರ ಕಾಯಿದೆಯೊಂದರ ಅಧೀನದಲ್ಲಿದೆ. ಕೆಲಸಗಾರನು ತಾತ್ಕಾಲಿಕ ಸ್ಥಳವೊಂದಕ್ಕೆ ಕರ್ತವ್ಯದ ಮೇಲೆ ಹೋಗಬೇಕಾಗಿ ಬಂದರೆ ಆ ಖರ್ಚನ್ನು ಕಳೆಯಲು ಅದು ಅನುಮತಿಸುತ್ತದೆ. ಆದರೆ ದುಡಿಮೆಯ ಕಾಲದಲ್ಲಿ ನೂರಕ್ಕೆ 40ರಷ್ಟನ್ನಾದರೂ ಒಂದೇ ಸ್ಥಳದಲ್ಲಿ ಕಳೆದು, ಅದು 24 ತಿಂಗಳಿಗೆ ಮೀರಿದರೆ, ಅಥವಾ ಮೀರುವ ಸಂಭವವಿದ್ದರೆ, ಆ ಸ್ಥಳವು ತಾತ್ಕಾಲಿಕವೆನಿಸದು. ಇನ್ನೊಂದು ಮಾತೂ ಅಲ್ಲಿದೆ: ಉದ್ಯೋಗದ ಅವಧಿಯೆಲ್ಲವೂ, ಅಥವಾ ಹೆಚ್ಚುಕಡಿಮೆ ಎಲ್ಲವೂ, ಒಂದೇ ಸ್ಥಳದಲ್ಲಿ ಕಳೆಯುವಂತಿದ್ದರೆ, ಅದು ಆರು ತಿಂಗಳ ಕೆಲಸವಾದರೂ, ಆ ಸ್ಥಳವು ಖಾಯಂ ಎಂದೇ ಗಣನೆಗೆ ಬರುತ್ತದೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಇದರ ಸುತ್ತಲೇ ತಿರುಗುತ್ತದೆ.

ಇನ್ನು ಛತ್ರಿ ಕಂಪೆನಿ. ಹೆಸರು ವಿನೋದವಾಗಿದ್ದರೂ ಸಂಸ್ಥೆಯು ವಿನೋದದ್ದಲ್ಲ. ಕರಾರಿನ ಮೇಲೆ ಇಂದು ಇಲ್ಲಿ, ನಾಳೆ ಅಲ್ಲಿ ದುಡಿಯುವವರನ್ನು ತನ್ನ ನೌಕರರನ್ನಾಗಿ ಸೇರಿಸಿಕೊಂಡು, ಅವರ ಸಂಬಳ ಸಾರಿಗೆ, ತೆರಿಗೆ ಕಡಿತಗಳ ಕಾರ್ಯವನ್ನು ನಡೆಸುವ ಕಂಪೆನಿಗೆ ಅಲ್ಲಿ ಈ ಹೆಸರು. ಕೆಲಸ ಮಾಡಿಸಿಕೊಂಡವನು ಏಜೆನ್ಸಿಗೆ ಹಣ ಕೊಡುತ್ತಾನೆ. ಏಜೆನ್ಸಿಯು ಛತ್ರಿ ಕಂಪೆನಿಗೆ ಕೊಡುತ್ತದೆ. ಕೊನೆಗೆ ಕೆಲಸಗಾರನ ಕೈಗೆ ಸಂಬಳ ಬರುತ್ತದೆ. ನಮ್ಮ ಕಡೆಯ ಮೇಸ್ತ್ರಿಯ ಪದ್ಧತಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂದೆ ಇಂತಹ ಕೆಲಸಗಾರರಲ್ಲಿ ಹಲವರು ತಮ್ಮದೇ ಒಂದು ಪುಟ್ಟ ಕಂಪೆನಿಯನ್ನು ಸ್ಥಾಪಿಸಿಕೊಳ್ಳುತ್ತಿದ್ದರು. 1999ರಲ್ಲಿ ಘೋಷಿತವಾಗಿ 2000ದ ಏಪ್ರಿಲಿನಲ್ಲಿ ಜಾರಿಗೆ ಬಂದ, 'ಐಆರ್ 35' ಎಂದು ಕರೆಯಲ್ಪಡುವ ನಿಯಮವು ಆ ದಾರಿಯನ್ನು ಇಕ್ಕಟ್ಟಾಗಿಸಿದ ಮೇಲೆ ಛತ್ರಿಗಳು ಬಹಳವಾಗಿ ಬಿಚ್ಚಿಕೊಂಡವು.

ಆ ಕಂಪೆನಿಗಳ ಆಕರ್ಷಣೆಗೆ ಪ್ರಯಾಣ ವೆಚ್ಚವೇ ಒಂದು ಪ್ರಬಲ ಕಾರಣವಾಗಿತ್ತು. ಏಜೆನ್ಸಿಯ ಮೂಲಕ ನೇರವಾಗಿ ಒಂದು ಕೆಲಸಕ್ಕೆ ಸೇರಿದವನಿಗೆ ಆ ಒಂದೇ ಸ್ಥಳವು ಖಾಯಂ ಸ್ಥಳ, ವಿನಾಯಿತಿ ಇಲ್ಲ. ಆದರೆ ಛತ್ರಿ ಕಂಪೆನಿಯೊಡನೆ ಒಂದೇ ದೀರ್ಘ ಕರಾರು ಮಾಡಿಕೊಂಡು, ಅದರ ಅಡಿಯಲ್ಲಿ ಹಲವು ಕಡೆ ಕೆಲಸ ಮಾಡುವವನಿಗೆ ಪ್ರತಿಯೊಂದು ಸ್ಥಳವೂ ತಾತ್ಕಾಲಿಕವಾಗುತ್ತಿತ್ತು. ಒಂದೇ ಕಟ್ಟಡದಲ್ಲಿ, ಒಂದೇ ಕೆಲಸದಲ್ಲಿ ಪಕ್ಕಪಕ್ಕದಲ್ಲಿ ದುಡಿಯುವ ಇಬ್ಬರಲ್ಲಿ ಒಬ್ಬನಿಗೆ ವಿನಾಯಿತಿ, ಇನ್ನೊಬ್ಬನಿಗಿಲ್ಲ!

ವಿದ್ಯಾರ್ಥಿಗಳು ಪೆನ್ಸಿಲು ಹಿಡಿದು ಈ ಲೆಕ್ಕವನ್ನು ನಮ್ಮೊಡನೆ ಮಾಡಲಿ. ಒಬ್ಬನು 2015ರಲ್ಲಿ ಸ್ವಂತ ಕಾರಿನಲ್ಲಿ 40 ಮೈಲಿ ಹೋಗಿ 40 ಮೈಲಿ ಮರಳುತ್ತಿದ್ದನೆನ್ನೋಣ. ದಿನಕ್ಕೆ 80 ಮೈಲಿ. ವಾರಕ್ಕೆ 5 ದಿನದಂತೆ 400. ವರ್ಷಕ್ಕೆ 46 ವಾರ ಹಿಡಿದರೆ 18,400 ಮೈಲಿ. 2011ರಲ್ಲಿ ಗೊತ್ತುಮಾಡಿದ ದರದಂತೆ ಮೊದಲ 10,000 ಮೈಲಿಗೆ ತಲಾ 45 ಪೆನ್ಸ್, ಅಂದರೆ 4,500 ಪೌಂಡು. ಉಳಿದ 8,400 ಮೈಲಿಗೆ ತಲಾ 25 ಪೆನ್ಸ್, ಅಂದರೆ 2,100 ಪೌಂಡು. ಒಟ್ಟು 6,600 ಪೌಂಡು. ಇಷ್ಟು ಹಣವನ್ನು ಸರಕಾರವು ಕೈಯೆತ್ತಿ ಕೊಡುತ್ತಿತ್ತೆಂದು ಯಾರೂ ತಿಳಿಯಬಾರದು. ಇದು ತೆರಿಗೆಗೆ ಒಳಪಡುವ ವರಮಾನದಿಂದ ಕಳೆಯತಕ್ಕ ಮೊತ್ತ ಮಾತ್ರ. ನೂರಕ್ಕೆ 20ರ ದರದಲ್ಲಿ ತೆರಿಗೆ ಕೊಡುವವನಿಗೆ ಉಳಿತಾಯ 1,320 ಪೌಂಡು. ಸಾಮಾನ್ಯ ಕುಟುಂಬಕ್ಕೆ ಇದು ಅಲ್ಪವಾದ ಹಣವಲ್ಲ. ಇದನ್ನು ನಂಬಿ ದೂರದ ಕೆಲಸವನ್ನು ಒಪ್ಪಿಕೊಂಡವರನ್ನು ದೂರಲೂ ಆಗದು.

2016ರ ಏಪ್ರಿಲ್ 6ರಂದು ಈ ಬಾಗಿಲು ಮುಚ್ಚಿತು. ಆ ವರ್ಷದ ಹಣಕಾಸು ಕಾಯಿದೆಯು 2003ರ ಕಾಯಿದೆಯಲ್ಲಿ '339ಎ' ಎಂಬ ಹೊಸ ವಿಧಿಯನ್ನು ಸೇರಿಸಿತು. ಛತ್ರಿ ಕಂಪೆನಿಯಂತಹ ಮಧ್ಯವರ್ತಿಯ ಮೂಲಕ ದುಡಿಯುವವನ ಒಂದೊಂದು ಕೆಲಸವನ್ನೂ ಒಂದೊಂದು ಪ್ರತ್ಯೇಕ ಉದ್ಯೋಗವೆಂದು ಎಣಿಸಬೇಕೆಂಬುದು ಅದರ ಸಾರ. ಹೀಗೆ ಎಣಿಸಿದೊಡನೆ ಹಿಂದೆ ಹೇಳಿದ ಮಾತು ಅನ್ವಯಿಸುತ್ತದೆ: ಉದ್ಯೋಗದ ಅವಧಿಯೆಲ್ಲವೂ ಒಂದೇ ಸ್ಥಳದಲ್ಲಿ ಕಳೆದುದರಿಂದ ಆ ಸ್ಥಳವೇ ಖಾಯಂ ಆಗುತ್ತದೆ. ಪ್ರಯಾಣದ ಜೊತೆಗೆ ಅದಕ್ಕೆ ಸಂಬಂಧಿಸಿದ ಊಟ, ವಸತಿಗಳ ವಿನಾಯಿತಿಯೂ ಹೋಯಿತು.

ಈ ನಿಯಮಕ್ಕೆ ಅಪವಾದವುಂಟು. ಕೆಲಸಗಾರನು ಕೆಲಸ ಮಾಡುವ ರೀತಿಯ ಮೇಲೆ ಯಾರ ಮೇಲ್ವಿಚಾರಣೆಯೂ, ನಿರ್ದೇಶನವೂ, ಹತೋಟಿಯೂ ಇಲ್ಲವೆಂದು, ಹಾಗೆ ನಡೆಸುವ ಹಕ್ಕೂ ಯಾರಿಗೂ ಇಲ್ಲವೆಂದು ತೋರಿಸಿಕೊಟ್ಟರೆ ಹಳೆಯ ವಿನಾಯಿತಿಯು ಉಳಿಯುತ್ತದೆ. ಮೂರರಲ್ಲಿ ಒಂದಿದ್ದರೂ ಅಪವಾದವು ಸಲ್ಲದು. ವಾರ್ಡಿನಲ್ಲಿ ಮೇಲಿನವರ ಸೂಚನೆಯಂತೆ ನಡೆಯುವ ದಾದಿಗಾಗಲಿ, ಮುಖ್ಯಸ್ಥನು ಹೇಳಿದ ಕ್ರಮದಲ್ಲೇ ಪಾಠ ನಡೆಸುವ ಬದಲಿ ಉಪಾಧ್ಯಾಯನಿಗಾಗಲಿ ಇದನ್ನು ಸಾಧಿಸುವುದು ಕಷ್ಟ. ಆದರೆ ಒಂದೇ ಕೆಲಸದ ನಡುವೆ ಕರ್ತವ್ಯಕ್ಕಾಗಿ ಒಂದು ಸ್ಥಳದಿಂದ ಇನ್ನೊಂದು ಸ್ಥಳಕ್ಕೆ ಹೋದ ವೆಚ್ಚಕ್ಕೆ ಈಗಲೂ ವಿನಾಯಿತಿಯುಂಟು. ಅಡ್ಡಿಯಾಗಿರುವುದು ಮನೆಯಿಂದ ಮೊದಲ ಸ್ಥಳದವರೆಗಿನ ದಾರಿ.

ಸ್ವತಂತ್ರ ಕಸುಬುದಾರನ ಮಾತು ಬೇರೆ. ಮನೆಯನ್ನೇ ಕಸುಬಿನ ನೆಲೆಯಾಗಿಸಿಕೊಂಡು ಹಲವು ಕಟ್ಟಡಗಳಲ್ಲಿ ಇಟ್ಟಿಗೆ ಕಟ್ಟುತ್ತಿದ್ದ ಹಾರ್ಟನ್ ಎಂಬುವನ ಪ್ರಯಾಣ ವೆಚ್ಚವನ್ನು ಅಲ್ಲಿಯ ಮೇಲ್ಮನವಿ ನ್ಯಾಯಾಲಯವು 1971ರಲ್ಲಿ ಒಪ್ಪಿಕೊಂಡಿತು. ಅದೇ ಇಟ್ಟಿಗೆ, ಅದೇ ದಾರಿ. ಆದರೆ ಒಬ್ಬನು ಒಡೆಯ, ಇನ್ನೊಬ್ಬನು ಆಳು. ಈ ಭೇದವು ನ್ಯಾಯವೇ ಎಂದು ಕೇಳಿದರೆ, ಪೂರ್ತಿ ನ್ಯಾಯವೆಂದು ಹೇಳಲು ನಮಗೆ ಮನಸ್ಸು ಬಾರದು. ಛತ್ರಿಯಡಿಯ ಕೆಲಸಗಾರನಿಗೆ ಒಡೆಯನ ಸ್ವಾತಂತ್ರ್ಯವೂ ಇಲ್ಲ, ಖಾಯಂ ನೌಕರನ ನೆಮ್ಮದಿಯೂ ಇಲ್ಲ.

ನಿಜವಾದ ಅಪಾಯವಿರುವುದು ಇಲ್ಲಿಯೇ. ಪ್ರಯಾಣದ ವಿನಾಯಿತಿಯನ್ನು ಕೊಡಿಸುತ್ತೇವೆ, ಸಂಬಳದ ಒಂದು ಭಾಗವನ್ನು ಸಾಲವೆಂದು ತೋರಿಸಿ ತೆರಿಗೆಯನ್ನು ತಪ್ಪಿಸುತ್ತೇವೆ ಎಂದು ಆಸೆ ತೋರಿಸುವ ಕಂಪೆನಿಗಳೂ ಉಂಟು. ಕೆಲವು ವರ್ಷಗಳ ಮೇಲೆ ತೆರಿಗೆ ಇಲಾಖೆಯ ಕಾಗದ ಬಂದಾಗ ಕಂಪೆನಿಯು ಮುಚ್ಚಿಹೋಗಿರಬಹುದು. ಆಗ ತೆರಿಗೆಯ ಹೊರೆಯು ಕೆಲಸಗಾರನ ತಲೆಯ ಮೇಲೆಯೇ ಬೀಳಬಹುದು. ಇಂತಹುದನ್ನು ತಡೆಯಲೆಂದು, ಛತ್ರಿ ಕಂಪೆನಿಯು ಕಟ್ಟದೆ ಬಿಟ್ಟ ತೆರಿಗೆಗೆ ಏಜೆನ್ಸಿಯನ್ನೂ 2026ರ ಏಪ್ರಿಲಿನಿಂದ ಹೊಣೆಗಾರನನ್ನಾಗಿಸುವ ಕ್ರಮವನ್ನು ಸರಕಾರವು 2024ರ ಮುಂಗಡಪತ್ರದಲ್ಲಿ ಘೋಷಿಸಿತು.

ಕೆಲಸಕ್ಕೆ ಒಪ್ಪುವ ಮೊದಲು ಕೇಳಬೇಕಾದ ಕಾಗದವೊಂದಿದೆ. 2020ರ ಏಪ್ರಿಲಿನಿಂದ ಏಜೆನ್ಸಿಗಳು ಹೊಸ ಕೆಲಸಗಾರರಿಗೆ ಮುಖ್ಯ ವಿವರಗಳ ಪತ್ರವೊಂದನ್ನು ಕೊಡಲೇಬೇಕು. ಏಜೆನ್ಸಿಯು ಬಾಯಲ್ಲಿ ಹೇಳುವ ದರವೇ ಸಂಬಳವಲ್ಲ. ಉದ್ಯೋಗದಾತನು ಕಟ್ಟತಕ್ಕ ರಾಷ್ಟ್ರೀಯ ವಿಮೆಯ ಪಾಲು, ಕಂಪೆನಿಯ ಶುಲ್ಕ, ಇವೆಲ್ಲವೂ ಆ ದರದಿಂದಲೇ ಮೊದಲು ಹೋಗುತ್ತವೆ. ಉಳಿದುದು ಒಟ್ಟು ಸಂಬಳ. ತೆರಿಗೆಯು ಕಡಿತವಾಗುವುದು ಅದರಲ್ಲಿ. ಆ ಪತ್ರದಲ್ಲಿ ಈ ಕಡಿತಗಳ ಮಾದರಿ ಲೆಕ್ಕವಿರುತ್ತದೆ. ಕೊನೆಯ ಸಾಲಿನಲ್ಲಿ ಕಾಣುವ ಮೊತ್ತದಿಂದ ರೈಲಿನ ಟಿಕೇಟಿನ ಹಣವನ್ನು ಪೂರ್ತಿಯಾಗಿ ಕಳೆದು, ಅದರಲ್ಲಿ ಒಂದು ಪೆನ್ನಿಯೂ ಮರಳಿ ಬಾರದೆಂದು ತಿಳಿದು, ಕೆಲಸವನ್ನು ಒಪ್ಪಬೇಕೋ ಬಿಡಬೇಕೋ ಎಂಬುದನ್ನು ನಿರ್ಧರಿಸತಕ್ಕದ್ದು.