ಮರಳುಗೆಂಪು ನೆಲದ ರಾಗಿಗೆ ತಿಪ್ಪೆಗೊಬ್ಬರವೂ ಯೂರಿಯಾವೂ

ಕೋಲಾರ, ತುಮಕೂರು, ಬೆಂಗಳೂರು ಗ್ರಾಮಾಂತರ ಸೀಮೆಗಳ ಮರಳುಮಿಶ್ರಿತ ಕೆಂಪು ನೆಲವು ನೇಗಿಲಿಗೆ ಹಗುರ, ಬೇರಿಗೆ ಸುಗಮ. ಆದರೆ ಕೊಟ್ಟದ್ದನ್ನು ಉಳಿಸಿಕೊಳ್ಳುವ ಶಕ್ತಿ ಅದಕ್ಕೆ ಅತ್ಯಲ್ಪ. ಎರಚಿದ ಯೂರಿಯಾ ಕೆಲವೇ ದಿನಗಳಲ್ಲಿ ಅಮೋನಿಯಂ ಆಗಿ, ತರುವಾಯ ನೈಟ್ರೇಟ್ ಆಗಿ ಪರಿಣಮಿಸುವುದಷ್ಟೆ. ಈ ನೈಟ್ರೇಟು ನೀರಿನಲ್ಲಿ ಕರಗಿ ನೀರಿನೊಡನೆಯೇ ಸಂಚರಿಸುವ ಸ್ವಭಾವದ್ದಾದುದರಿಂದ, ಒಂದು ಜಡಿಮಳೆ ಸುರಿದರೆ ಸಾಕು, ರೈತನು ಹಣ ತೆತ್ತು ತಂದ ಸಾರಜನಕದ ಬಹುಭಾಗವು ಎಳೆಯ ಪೈರಿನ ಬೇರಿಗೆ ಎಟುಕದ ಆಳಕ್ಕೆ ಇಳಿದುಹೋಗುತ್ತದೆ. ತಿಪ್ಪೆಗೊಬ್ಬರದ ಹ್ಯೂಮಸ್ ಅಮೋನಿಯಂ ಅನ್ನು ಹಿಡಿದಿಡಬಲ್ಲುದು, ತೇವವನ್ನೂ ಕಾಯಬಲ್ಲುದು. ಆದರೆ ಅದರಲ್ಲಿರುವ ಸಾರಜನಕವು ಬಿಡುಗಡೆಯಾಗುವುದು ಅತಿ ಮಂದಗತಿಯಿಂದ. ಇವೆರಡನ್ನೂ ಕಾಲವರಿತು ಕೂಡಿಸುವ ಕ್ರಮವನ್ನು ಮಳೆಯಾಶ್ರಿತ ರಾಗಿಯ ಒಂದು ಎಕರೆಗೆ ಅನ್ವಯಿಸಿ ಇಲ್ಲಿ ವಿವರಿಸಿದೆ.

ಮೊದಲು ಗೊಬ್ಬರದ ಪರೀಕ್ಷೆಯಾಗಬೇಕು. ಹಿಡಿಯಲ್ಲಿ ತೆಗೆದುಕೊಂಡಾಗ ಬಿಸಿಯಿಲ್ಲದೆ, ಘಾಟುವಾಸನೆಯಿಲ್ಲದೆ, ಹುಲ್ಲೋ ಕಡ್ಡಿಯೋ ಎಂದು ಗುರುತು ಹತ್ತದಂತೆ ಕಪ್ಪಾಗಿ ಪುಡಿಯಾಗಿರುವುದೇ ಮಾಗಿದ ಗೊಬ್ಬರ. ಅರೆಗಳಿತ ಹುಲ್ಲುಕಸವನ್ನು ಹೊಲಕ್ಕೆ ಹಾಕಿದರೆ, ಅದನ್ನು ಕೊಳೆಯಿಸುವ ಸೂಕ್ಷ್ಮಾಣುಜೀವಿಗಳು ತಮ್ಮ ಪೋಷಣೆಗೆ ಬೇಕಾದ ಸಾರಜನಕವನ್ನು ನೆಲದಿಂದಲೇ ಹೀರಿಕೊಳ್ಳುವುದರಿಂದ, ಗೊಬ್ಬರ ಕೊಟ್ಟ ಹೊಲದಲ್ಲಿಯೇ ಪೈರು ಹಳದಿಗಟ್ಟುವ ವಿಪರ್ಯಾಸ ಕಾಣಬಹುದು. ಬಯಲಿನ ತಿಪ್ಪೆಗಿಂತ ಮುಚ್ಚಿದ ಗುಂಡಿ ಲೇಸು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು ರೂಪಿಸಿದ, ಕಸವನ್ನು ಪದರಪದರವಾಗಿ ತುಂಬಿ ಮೇಲೆ ಮಣ್ಣು ಮೆತ್ತಿ ಆರೆಂಟು ತಿಂಗಳು ಬಿಡುವ ವಿಧಾನವು ಬೆಂಗಳೂರಿನ ಹೆಸರನ್ನೇ ಹೊತ್ತು ಪ್ರಸಿದ್ಧವಾಗಿದ್ದರೂ, ಈ ಸುತ್ತಿನ ಅದೆಷ್ಟೋ ಹಳ್ಳಿಗಳ ತಿಪ್ಪೆ ಇಂದಿಗೂ ಬಿಸಿಲುಮಳೆಗೆ ಮೈಯೊಡ್ಡಿಯೇ ಬಿದ್ದಿರುವುದು ಸೋಜಿಗವೇ ಸರಿ.

ಬಿತ್ತನೆಗೆ ಎರಡು ಮೂರು ವಾರ ಮುಂಚಿತವಾಗಿ ಎಕರೆಗೆ 4 ಟನ್ ಗೊಬ್ಬರವನ್ನು ಹೊಲಕ್ಕೆ ಸಾಗಿಸತಕ್ಕದ್ದು. ಸಣ್ಣ ಸಣ್ಣ ಗುಡ್ಡೆಗಳಾಗಿ ಸುರಿದು, ಹದ ಬರಲೆಂದು ವಾರಗಟ್ಟಲೆ ಬಿಸಿಲಿಗೆ ಬಿಡುವ ವಾಡಿಕೆಯಿಂದ ಸಾರಜನಕವು ಅಮೋನಿಯಾ ರೂಪದಲ್ಲಿ ಗಾಳಿಪಾಲಾಗುತ್ತದೆ. ಹರಡಿದ ದಿನವೇ ಉತ್ತು ಮಣ್ಣಿಗೆ ಸೇರಿಸಬೇಕು.

ಇನ್ನು ಲೆಕ್ಕ, ಬಹುಮಂದಿ ಉಪೇಕ್ಷಿಸುವುದು ಇದನ್ನೇ. ಮಳೆಯಾಶ್ರಿತ ರಾಗಿಗೆ ಹೆಕ್ಟೇರಿಗೆ 50 ಕಿಲೋ ಸಾರಜನಕ, 40 ಕಿಲೋ ರಂಜಕ ಎಂಬ ಪ್ರಮಾಣವನ್ನು ಹಿಡಿದರೆ, ಎಕರೆಗೆ ಕ್ರಮವಾಗಿ 20 ಮತ್ತು 16 ಕಿಲೋ ಆಗುವುದು. ಸಾಧಾರಣ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇಕಡಾ ಅರ್ಧದಷ್ಟಿರುವುದರಿಂದ 4 ಟನ್ನಿನಲ್ಲಿ 20 ಕಿಲೋ ಇದ್ದೇ ಇರುತ್ತದೆ. ಹಾಗೆಂದು ಯೂರಿಯಾವೇ ಬೇಡವೆಂದು ನಿರ್ಧರಿಸುವುದು ಅವಿವೇಕ. ಆ 20ರಲ್ಲಿ ಮೊದಲ ಬೆಳೆಗೆ ದಕ್ಕುವುದು ಸುಮಾರು ಕಾಲುಭಾಗ, ಎಂದರೆ 5 ಕಿಲೋ. ಉಳಿದ 15 ಕಿಲೋ ಚೀಲದಿಂದಲೇ ಬರಬೇಕು. ರಂಜಕಕ್ಕಾಗಿ ಹಾಕುವ 35 ಕಿಲೋ ಡಿಎಪಿಯಲ್ಲಿಯೇ 6 ಕಿಲೋಗೆ ಮಿಕ್ಕಿ ಸಾರಜನಕವಿರುವುದರಿಂದ, ಕೊನೆಗೆ ಯೂರಿಯಾದ ಪಾಲಿಗೆ ನಿಲ್ಲುವುದು 9 ಕಿಲೋಗೂ ಕಡಮೆ. ಶೇಕಡಾ 46 ಸಾರಜನಕವುಳ್ಳ ಯೂರಿಯಾ 19 ಕಿಲೋ ಸಾಕು, 45 ಕಿಲೋ ಚೀಲದಲ್ಲಿ ಅರ್ಧವೂ ಅಲ್ಲ. ಮಣ್ಣುಪರೀಕ್ಷೆಯ ಚೀಟಿ ಕೈಯಲ್ಲಿದ್ದರೆ ಈ ಅಂಕಿಗಳನ್ನು ಅದರಂತೆ ತಿದ್ದಿಕೊಳ್ಳಬೇಕು. ಪೊಟ್ಯಾಷಿನ ಪ್ರಮಾಣವನ್ನೂ ಅದೇ ಹೇಳುವುದು.

ಡಿಎಪಿಯನ್ನು ಕೂರಿಗೆಯ ಸಾಲಿನಲ್ಲಿ ಬೀಜಕ್ಕೆ ತಾಗದಂತೆ, ತುಸು ಕೆಳಗೆ ಬೀಳಿಸಬೇಕು. ಯೂರಿಯಾವನ್ನು ಬಿತ್ತುವಾಗ ಮುಟ್ಟಲೇಬಾರದು. ಮೊಳಕೆಯ ಬೇರು ಬೆರಳುದ್ದವಿರುವಾಗ ಅದನ್ನು ಉಣ್ಣುವವರಾರು? ಬಿತ್ತಿದ 25ರಿಂದ 30 ದಿನಗಳ ನಡುವೆ, ಕಳೆ ತೆಗೆದು, ನೆಲದಲ್ಲಿ ಹದವಾದ ತೇವವಿರುವಾಗ ಸಾಲಿನ ಮಗ್ಗುಲಲ್ಲಿ ಉದುರಿಸಿ, ಒಡನೆಯೇ ಎಡೆಕುಂಟೆ ಹೊಡೆದು ಮಣ್ಣು ಮುಚ್ಚಬೇಕು. ಒಣನೆಲದ ಮೇಲೆ ಬಿದ್ದದ್ದು ಆವಿಯಾಗಿ ಹೋಗುವುದು. ಮುಗಿಲು ಕಪ್ಪಿಟ್ಟು ಭಾರಿ ಮಳೆಯ ಸೂಚನೆಯಿದ್ದಲ್ಲಿ ಎರಡು ದಿನ ತಡೆಯುವುದು ಕ್ಷೇಮ. ಮಳೆ ಹಿಡಿದುಬಿಟ್ಟ ವರ್ಷಗಳಲ್ಲಿ ಈ 19 ಕಿಲೋವನ್ನೂ ಎರಡು ಕಂತು ಮಾಡಿ, ಎರಡನೆಯದನ್ನು ಎರಡು ವಾರ ಬಿಟ್ಟು ಕೊಡಬಹುದು.

ಕೆಲಸ ಒಂದೇ ಸಲಕ್ಕೆ ಮುಗಿಯಲೆಂದು ಯೂರಿಯಾವನ್ನು ಹಸಿಗೊಬ್ಬರದ ರಾಶಿಗೆ ಕಲಸಿ ದಿನಗಟ್ಟಲೆ ಇಡುವವರುಂಟು. ಗೊಬ್ಬರದಲ್ಲಿರುವ ಯೂರಿಯೇಸ್ ಎಂಬ ಕಿಣ್ವವು ಯೂರಿಯಾವನ್ನು ಶೀಘ್ರವಾಗಿ ಒಡೆಯುವುದರಿಂದ ರಾಶಿಯ ಸುತ್ತ ಮೂಗಿಗೆ ಹತ್ತುವ ಘಾಟು ಬೇರೇನೂ ಅಲ್ಲ, ಹೊಲಕ್ಕೆ ಸೇರಬೇಕಾಗಿದ್ದ ಸಾರಜನಕವೇ. ಎರಡೂ ಕೂಡಬೇಕಾದ ಸ್ಥಳ ಮಣ್ಣಿನೊಳಗು, ಕೂಡಬೇಕಾದ ಕಾಲ ಬೇರು ಹರಡಿದ ಮೇಲೆ.

ಪ್ರತಿವರ್ಷವೂ ಗೊಬ್ಬರ ಕಾಣುವ ಹೊಲದಲ್ಲಿ ಹಿಂದಿನ ವರ್ಷಗಳ ಶೇಷವೂ ಬಂದು ಕೂಡುವುದರಿಂದ ಯೂರಿಯಾವನ್ನು ಇನ್ನೂ ತಗ್ಗಿಸಲು ಅವಕಾಶವಿದೆ. ಎಷ್ಟು ತಗ್ಗಿಸಬಹುದೆಂದು ತಿಳಿಯಬೇಕಾದರೆ, ಹೊಲದ ನಡುವೆ ನಾಲ್ಕು ಸಾಲುಗಳಿಗೆ ಮೇಲುಗೊಬ್ಬರ ಕೊಡದೆ ಗೂಟ ನೆಟ್ಟು ಗುರುತಿಟ್ಟು, ಕೊಯ್ಲಿನಲ್ಲಿ ಅವುಗಳ ತೆನೆಯನ್ನೂ ಪಕ್ಕದ ನಾಲ್ಕು ಸಾಲುಗಳ ತೆನೆಯನ್ನೂ ಬೇರೆ ಬೇರೆಯಾಗಿ ಬಡಿದು ತೂಗಿ ನೋಡಬೇಕು.