ಸ್ಲೊವಾಕಿಯಾದ ಐಸ್ ಹಾಕಿ ಲೀಗ್: ಪರೀಕ್ಷಾ ಟಿಪ್ಪಣಿ

1. ಸ್ಥಾಪನೆ: 1993ರ ಜನವರಿ 1ರಂದು ಚೆಕೊಸ್ಲೊವಾಕಿಯಾ ವಿಭಜನೆಗೊಂಡ ಬಳಿಕ, ಸ್ಲೊವಾಕಿಯಾದ ಅಗ್ರಶ್ರೇಣಿಯ ಲೀಗ್ ಆದ ‘ಎಕ್ಸ್‌ಟ್ರಾಲಿಗಾ’ 1993–94ರ ಋತುವಿನಿಂದ ಆರಂಭವಾಯಿತು.

2. ಮೊದಲ ಚಾಂಪಿಯನ್: ದುಕ್ಲಾ ಟ್ರೆಂಚೀನ್ (1994).

3. ಪೂರ್ವ ಇತಿಹಾಸ: ಅವಿಭಜಿತ ರಾಷ್ಟ್ರದ ಲೀಗ್‌ನಲ್ಲಿ ಸ್ಲೊವಾನ್ ಬ್ರಾಟಿಸ್ಲಾವಾ 1979ರಲ್ಲಿ, ಕೊಶಿತ್ಸೆ 1986 ಮತ್ತು 1988ರಲ್ಲಿ, ಟ್ರೆಂಚೀನ್ 1992ರಲ್ಲಿ ಪ್ರಶಸ್ತಿ ಗೆದ್ದಿದ್ದವು.

4. ನಿರ್ಗಮನ, ಮರಳಿಕೆ: ಸ್ಲೊವಾನ್ 2012ರಲ್ಲಿ, ರಷ್ಯಾ ಕೇಂದ್ರಿತ ಬಹುರಾಷ್ಟ್ರೀಯ ಲೀಗ್ ಆದ ಕಾಂಟಿನೆಂಟಲ್ ಹಾಕಿ ಲೀಗ್ (ಕೆಎಚ್‌ಎಲ್) ಸೇರಿ, 2019ರಲ್ಲಿ ಸ್ವದೇಶದ ಲೀಗ್‌ಗೆ ಮರಳಿತು.

5. ಗೊಂದಲ ಬೇಡ: ಚೆಕ್ ಗಣರಾಜ್ಯದ ಅಗ್ರ ಲೀಗ್‌ಗೂ ‘ಎಕ್ಸ್‌ಟ್ರಾಲಿಗಾ’ ಎಂಬ ಹೆಸರಿದ್ದರೂ ಅದು ಪ್ರತ್ಯೇಕ ಲೀಗ್. ಹಾಗೆಯೇ, 2002ರ ವಿಶ್ವ ಚಾಂಪಿಯನ್‌ಷಿಪ್ ಗೆದ್ದದ್ದು ಕ್ಲಬ್ ಅಲ್ಲ, ಫೈನಲ್‌ನಲ್ಲಿ ರಷ್ಯಾವನ್ನು 4–3ರಿಂದ ಸೋಲಿಸಿದ ಸ್ಲೊವಾಕಿಯಾದ ರಾಷ್ಟ್ರೀಯ ತಂಡ.